ಕೊನೆಯ ಪುಟದವರೆಗೂ ಓದುವ ಇರ್ಮಾ ಟೀಚರ್

ಬೆಳಗಿನ ಆರು ಗಂಟೆ. ಗಾರ್ಸಾ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ತಿತೊನ ಶಾಲಾದೋಣಿಯ ಎಂಜಿನ್ನು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಶುರುವಾಗುತ್ತದೆ. ಮೊದಲ ದಕ್ಕೆಯಲ್ಲಿ ಇರ್ಮಾ ಸೊರಿಯಾ ಹತ್ತುತ್ತಾರೆ. ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು ಮತ್ತು ಮತೆ ಎಂಬ ಕಹಿ ಚಹಾ ಕುಡಿಯುವ ಸೋರೆಬುರುಡೆ, ಇನ್ನೊಂದು ಕೈಯಲ್ಲಿ ಬ್ರೆಡ್ಡಿನ ಚೀಲ. ಚೀಲದಲ್ಲಿರುವುದು ಬ್ರೆಡ್ಡಲ್ಲ, ಪುಸ್ತಕ. ಎಂಜಿನ್ ಪೆಟ್ಟಿಗೆಯ ಪಕ್ಕ ಬೆಚ್ಚಗಿರುವ ಜಾಗದಲ್ಲಿ ಕೂತು, ದಾರ ಕಟ್ಟಿದ ಕನ್ನಡಕ ಏರಿಸಿ, ಓದಲು ಶುರು ಮಾಡುತ್ತಾರೆ. ಮುಖಪುಟದಲ್ಲಿ ಕೊಡೆ ಹಿಡಿದ ಆಮೆಯ ಚಿತ್ರವಿದೆ.

ಐವತ್ತೇಳು ವರ್ಷದ ಹೆಂಗಸು ಆಮೆಯ ಕಥೆಯನ್ನು ಕೋರ್ಟಿನ ಕಾಗದ ಓದುವವರಂತೆ ಹುಬ್ಬು ಗಂಟಿಕ್ಕಿಕೊಂಡು ಓದುವುದನ್ನು ನೀವು ನೋಡಬೇಕು.

"ಆಮೆಗೆ ಕೊಡೆ ಯಾಕೆ ಹೇಳಿ?" ಎಂದು ನನ್ನನ್ನೇ ಕೇಳುತ್ತಾರೆ. "ಬೆನ್ನ ಮೇಲೆ ಮನೇನೇ ಇದೆ. ಮಳೆ ಬಂದ್ರೆ ಒಳಗೆ ಹೋದ್ರಾಯ್ತು. ಹದಿನೆಂಟು ಪುಟ ಆಯ್ತು, ಬರೆದೋಳು ಇನ್ನೂ ಬಾಯಿ ಬಿಟ್ಟಿಲ್ಲ."

"ಬಾಡಿಗೆಗೆ ಕೊಡೋಕಿರ್ಬೇಕು ಟೀಚರ್," ಎನ್ನುತ್ತಾನೆ ತಿತೊ, ಚುಕ್ಕಾಣಿ ಬಿಡದೆ.

"ನೀನು ಸುಮ್ನೆ ದೋಣಿ ನಡ್ಸಪ್ಪ. ನಿಂಗೆ ಎಲ್ಲಾದ್ರಲ್ಲೂ ಬಾಡಿಗೇನೇ ಕಾಣೋದು."

ನಾನೂ ಇದೇ ಹೊಳೆಯವನು. ಟೀಚರ್ ಮನೆಯಿಂದ ನಾಲ್ಕನೆಯ ದಕ್ಕೆ ನನ್ನದಾದರೂ ಇವತ್ತು ಮೊದಲಿನಿಂದಲೇ ದೋಣಿಯಲ್ಲಿದ್ದೇನೆ. ಇಪ್ಪತ್ತು ವರ್ಷದಿಂದ ದೂರದಿಂದಲೇ ಕೈ ಎತ್ತಿದ್ದೇನೆ, ಕೂತು ಮಾತಾಡಿಸಿದ್ದಿಲ್ಲ. ನಮ್ಮ ಪತ್ರಿಕೆಯ ಈ ಪುರವಣಿಗೆಂದು ಪಟ್ಟಣದ ಹಾಡುಗಾರರು, ಕುದುರೆ ಓಡಿಸುವವರು, ಮೂರು ಸಲ ಸೋತ ಮೇಯರು, ಎಲ್ಲರ ಮನೆ ಬಾಗಿಲು ತಟ್ಟಿದ್ದಾಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನು ನಾನು. ಹದಿಮೂರು ತಿಂಗಳಿಂದ ಈಕೆ ದೋಣಿಯಲ್ಲಿ ಮಕ್ಕಳ ಪುಸ್ತಕ ಓದುತ್ತಿದ್ದಾರೆ ಎಂದು ತಿತೊ ಹೇಳಿದಾಗಲೂ, ಪಾಪ, ವಯಸ್ಸಾಯಿತು ಅಂದುಕೊಂಡೆ. ನಾಚಿಕೆಯಾಗಬೇಕು ನನಗೆ.

ಶಾಲೆಗೆ ದೋಣಿಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ದಾರಿಯಲ್ಲಿ ಹದಿನಾಲ್ಕು ದಕ್ಕೆ, ಇಪ್ಪತ್ತಮೂರು ಮಕ್ಕಳು. ಹೋಗುವಾಗ ಐವತ್ತು ಪುಟ, ಬರುವಾಗ ಮೂವತ್ತು. "ಬರೋವಾಗ ಕಣ್ಣು ಎಳೆಯುತ್ತೆ," ಎನ್ನುತ್ತಾರೆ ಇರ್ಮಾ. ಆಗ್ನೇಯದ ಗಾಳಿ ಬೀಸಿ ಹೊಳೆ ಮೇಲೇರಿದ ದಿನ ದೋಣಿ ಬರುವುದಿಲ್ಲ, ಅವತ್ತು ಮನೆಯಲ್ಲೇ ಒಂದು ಇಡೀ ಪುಸ್ತಕ. ಇವತ್ತಿನ ಆಮೆ ನೂರ ಅರವತ್ತೆಂಟನೆಯದು. ಪುಟ್ಟ ಮಕ್ಕಳ ಚಿತ್ರದ ಪುಸ್ತಕ, ಹತ್ತು ಹನ್ನೆರಡರವರ ಸಾಹಸ, ಹದಿನೈದು ದಾಟಿದವರ ಪ್ರೀತಿ ಮುನಿಸು, ಯಾವುದನ್ನೂ ಬಿಟ್ಟಿಲ್ಲ. ಶಾಲೆಯಲ್ಲಿ ಕಪಾಟು ನೆರೆಯ ಗುರುತಿಗಿಂತ ಮೇಲಿದೆ. ಚಿಕ್ಕವರು ಬೆಂಚು ಹತ್ತಿಯೇ ತೆಗೆಯಬೇಕು. ಆದರೂ ತೇವಕ್ಕೆ ಪುಟಗಳೆಲ್ಲ ಹಪ್ಪಳದಂತೆ ಮುದುರಿವೆ.

ಪ್ರತಿ ಪುಸ್ತಕದ ಮೊದಲ ಪುಟಕ್ಕೆ ಒಂದು ಚೀಟಿ ಅಂಟಿದೆ. ಪೆನ್ಸಿಲಿನಲ್ಲಿ ಟೀಚರ್ ಅಕ್ಷರ. ಒಂದರಲ್ಲಿ ಹೀಗಿದೆ: 'ಕೊನೆಯವರೆಗೂ ಓದಿದ್ದೇನೆ. ತೊಂಬತ್ತನೆಯ ಪುಟದಲ್ಲಿ ನಾಯಿ ಸಾಯುತ್ತದೆ. ನೂರ ನಾಲ್ಕರಲ್ಲಿ ಬೇರೆ ನಾಯಿ ಬರುತ್ತದೆ, ಅದು ಅಷ್ಟಕ್ಕಷ್ಟೆ. — ಇರ್ಮಾ.' ಇನ್ನೊಂದರಲ್ಲಿ: 'ಕೊನೆಯವರೆಗೂ ಓದಿದ್ದೇನೆ. ನನಗೆ ಬೇಜಾರಾಯಿತು. ನಿನಗೂ ಆಗಬೇಕೆಂದೇನಿಲ್ಲ.' ಚೀಟಿ ಇಲ್ಲದ ಪುಸ್ತಕ ಯಾರ ಕೈಗೂ ಹೋಗುವುದಿಲ್ಲ. ನಾಯಿ ಸಾಯುವ ಪುಸ್ತಕಕ್ಕೆ ಈಗ ಆರು ಜನ ಸರದಿಯಲ್ಲಿದ್ದಾರೆ.

"ದೊಡ್ಡ ಹುಡುಗ್ರು ಬಂದು, ಟೀಚರ್, ಮುತ್ತು ಕೊಡೋದು ಎಷ್ಟನೇ ಪುಟ ಅಂತಾರೆ. ಅದೊಂದು ನಂಬರು ಮಾತ್ರ ನಾನು ಬರೆಯಲ್ಲ. ಹುಡುಕ್ಲಿ. ಆ ನೆಪದಲ್ಲಾದ್ರೂ ಐವತ್ತು ಪುಟ ಓದ್ತಾರೆ."

ಇಷ್ಟೆಲ್ಲ ಓದಿ ಏನು ತಿಳಿಯಿತು ಎಂದು ಕೇಳುತ್ತೇನೆ. ಬುರುಡೆಗೆ ನೀರು ಹೊಯ್ದು ನನ್ನ ಕೈಗೆ ಕೊಟ್ಟು, ಇದೇ ಪ್ರಶ್ನೆಗೆ ಕಾದಿದ್ದವರಂತೆ ಶುರು ಮಾಡುತ್ತಾರೆ.

"ಮೊದಲ್ನೇದು, ಈ ಪುಸ್ತಕಗಳಲ್ಲಿ ಅಮ್ಮಂದಿರು ಮೊದಲ್ನೇ ಪುಟದಲ್ಲೇ ಸತ್ತಿರ್ತಾರೆ. ಯಾಕೆ ಅಂತ ತುಂಬಾ ದಿನ ತಲೆ ಕೆಡಿಸ್ಕೊಂಡೆ. ಆಮೇಲೆ ಹೊಳೀತು. ಅಮ್ಮ ಬದುಕಿದ್ರೆ, ಎಲ್ಲಿಗೆ ಹೊರಟೆ, ಸ್ವೆಟರ್ ಹಾಕ್ಕೋ ಅಂತಾಳೆ. ಇನ್ನು ಸಾಹಸ ಎಲ್ಲಿಂದ ನಡೀಬೇಕು? ಟೀಚರು ಅಂದ್ರೆ ಒಂದೋ ರಾಕ್ಷಸಿ, ಇಲ್ಲಾ ದೇವತೆ. ಮಂಡಿ ನೋವಿರೋ ಟೀಚರು ಒಬ್ಬಳೂ ಸಿಕ್ಕಿಲ್ಲ ನಂಗೆ. ಮತ್ತೆ ಯಾವ ಮಗೂಗೂ ದೋಣಿ ತಪ್ಪಲ್ಲ. ಇವ್ರೆಲ್ಲ ಎಲ್ಲಿ ವಾಸ ಮಾಡ್ತಾರೆ ಅಂತೀನಿ!"

ನಗು ಬರುತ್ತದೆ. ಆದರೆ ಈ ಓದು ಶುರುವಾದದ್ದು ನಗುವಿನಿಂದಲ್ಲ. ಐದನೆಯ ದಕ್ಕೆ ದಾಟುತ್ತಿದ್ದಂತೆ ಟೀಚರ್ ಪುಸ್ತಕ ಮುಚ್ಚುತ್ತಾರೆ. "ಒಂಬತ್ತನೇ ದಕ್ಕೇಲಿ ಯಾನಿನಾ ಹತ್ತುತಾಳೆ. ಅಷ್ಟ್ರೊಳಗೆ ಹೇಳಿ ಮುಗಿಸ್ತೀನಿ." ದನಿ ತಗ್ಗುತ್ತದೆ. (ಇಲ್ಲಿಂದ ಮುಂದಿನದನ್ನು ಯಾನಿನಾ ಮತ್ತು ಅವಳ ಅಜ್ಜಿ ಎಲ್ಬಾ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹುಡುಗಿ ಹಾಕಿದ ಷರತ್ತು ಒಂದೇ: "ಅಪ್ಪನ ಹೆಸ್ರು ಸರಿಯಾಗಿ ಬರೀರಿ." ಎವಾರಿಸ್ತೊ ಕಬ್ರಾಲ್.)

ಎವಾರಿಸ್ತೊ ಜೊಂಡು ಕೊಯ್ಯುತ್ತಿದ್ದವನು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಗಾಳಿ ಎದ್ದ ದಿನ, ಅವನ ದೋಣಿ ನೀರವಂಜಿ ಮರದ ಬುಡದಲ್ಲಿ ಮಗುಚಿಕೊಂಡು ಸಿಕ್ಕಿತು. ಅವನು ಸಿಗಲಿಲ್ಲ. ಮಗಳಿಗೆ ಆಗ ಹತ್ತು ವರ್ಷ. ಮುಂದಿನ ಏಪ್ರಿಲ್‌ನಲ್ಲಿ ಶಾಲೆಗೆ ಮೂರು ಪೆಟ್ಟಿಗೆ ಪುಸ್ತಕ ಬಂದವು. ಇರ್ಮಾ ಕೈಗೆ ಸಿಕ್ಕಿದ್ದನ್ನು ಯಾನಿನಾಗೆ ಕೊಟ್ಟರು. ಮುಖಪುಟದಲ್ಲಿ ಬಂದರು, ನಗುವ ಹುಡುಗಿ, ಕೆಂಪು ಬಟ್ಟೆ ಇದ್ದವು.

"ಓದಿದೀರಾ ಟೀಚರ್ ಅಂತ ಕೇಳಿದ್ಲು. ಓದಿದೀನಿ ಪುಟ್ಟಾ, ತುಂಬಾ ಚೆನ್ನಾಗಿದೆ ಅಂದೆ. ಸುಳ್ಳು. ಮೂವತ್ತೊಂದು ವರ್ಷ ಪಾಠ ಮಾಡ್ದೋಳು ನಾನು, ಅಲ್ಲೀವರೆಗೆ ಮಕ್ಕಳ ಪುಸ್ತಕ ಒಂದನ್ನೂ ಕೊನೇವರೆಗೆ ಓದಿದ್ದಿಲ್ಲ. ಚಿತ್ರ ನೋಡೋದು, ಬೆನ್ನ ಮೇಲಿರೋ ನಾಲ್ಕು ಸಾಲು ಓದೋದು, ಕೊಡೋದು."

ಆ ಕಥೆಯಲ್ಲಿ ಹುಡುಗಿಯ ಅಪ್ಪ ಸಮುದ್ರದಲ್ಲಿ ಕಾಣೆಯಾಗುತ್ತಾನೆ. ಅವಳು ದಿನವೂ ಬಂದರಿನ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಾಳೆ. ನೂರನೆಯ ದಿನ ಅಪ್ಪ ಬರುತ್ತಾನೆ.

ನಮ್ಮ ಹೊಳೆಯಲ್ಲಿ ದಕ್ಕೆಯ ಕಂಬಕ್ಕೆ ಬಟ್ಟೆ ಕಟ್ಟಿದರೆ ಅರ್ಥ ಒಂದೇ: ದೋಣಿ ನಿಲ್ಲಿಸಿ, ಕೆಲಸವಿದೆ. ಅಂಗಡಿ ದೋಣಿ, ಬ್ರೆಡ್ಡಿನ ದೋಣಿ, ವೈದ್ಯರ ದೋಣಿ, ಯಾವುದಾದರೂ ನಿಲ್ಲಲೇಬೇಕು. ಯಾನಿನಾ ಏಪ್ರಿಲ್‌ನಿಂದ ದಿನವೂ ಅಪ್ಪನ ಕೆಂಪು ಅಂಗಿಯ ತುಂಡು ಕಟ್ಟತೊಡಗಿದಳು.

"ಎಲ್ರೂ ನಿಲ್ಸೋರು," ಎನ್ನುತ್ತಾನೆ ತಿತೊ. "ಏನ್ ಬೇಕು ಎಲ್ಬಾ ಅಜ್ಜಿ ಅಂದ್ರೆ, ಏನೂ ಬೇಡಪ್ಪ ಅನ್ನೋದು. ಅಂಗಡಿ ದೋಣಿಯವ್ನು ಒಂದಿನ ರೇಗ್ಬಿಟ್ಟ, ಎಣ್ಣೆ ಸುಟ್ಕೊಂಡು ನಿಮ್ಮ ಮುಖ ನೋಡೋಕೆ ಬರ್ಬೇಕಾ ಅಂತ. ಅಜ್ಜಿ ಬಿಚ್ಚೋದು, ಇವ್ಳು ಕಟ್ಟೋದು. ಕಂಬದ ಮೇಲೆ ಪೆನ್ಸಿಲಲ್ಲಿ ಗೀಟು ಎಳೀತಿದ್ಲು. ಅದೇನು ಲೆಕ್ಕ ಅಂತ ಯಾರಿಗೂ ತಲೆಗೆ ಹೋಗ್ಲಿಲ್ಲ."

ಜುಲೈ ಕೊನೆಯಲ್ಲಿ ನೂರು ತುಂಬಿತು. ಅಂದು ಯಾನಿನಾ ಶಾಲೆಗೆ ಹೋಗಲಿಲ್ಲ. ಒಳ್ಳೆಯ ಫ್ರಾಕು ಹಾಕಿಕೊಂಡು, ಸಂಜೆಯವರೆಗೂ ದಕ್ಕೆಯ ತುದಿಯಲ್ಲಿ ಕೂತಿದ್ದಳು. ಮರುದಿನ ಪುಸ್ತಕ ತಂದು ಮೇಜಿನ ಮೇಲಿಟ್ಟು, "ನೀವು ಓದಿದೀನಿ ಅಂದಿದ್ರಿ," ಎಂದಳಂತೆ. ಅಷ್ಟೇ.

"ಓದಿರ್ಲಿಲ್ಲ ಅಂತ ಅವತ್ತೇ ಒಪ್ಕೊಂಡೆ. ಒಪ್ಕೊಂಡ್ರೆ ಏನ್ ಬಂತು? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅವತ್ತಿಂದ ನನ್ನ ಕೈಯಿಂದ ಒಂದೂ ಪುಸ್ತಕ ಮುಟ್ಟಿಲ್ಲ ಅವ್ಳು. ನಮಸ್ಕಾರ ಅಂತಾಳೆ, ಲೆಕ್ಕ ಮಾಡ್ತಾಳೆ, ಕೇಳಿದ್ದಕ್ಕೆ ಉತ್ತರ ಹೇಳ್ತಾಳೆ. ಪುಸ್ತಕ ಮಾತ್ರ ಬೇಡ."

ಡಿಸೆಂಬರಿಗೆ ಯಾನಿನಾ ಈ ಶಾಲೆ ಮುಗಿಸಿ ದೊಡ್ಡ ನದಿಯಾಚೆಯ ಪ್ರೌಢಶಾಲೆಗೆ ಹೋಗುತ್ತಾಳೆ. ಇದು ಸೆಪ್ಟೆಂಬರ್. ಅಷ್ಟರೊಳಗೆ ಅವಳ ಕೈಗೆ ಒಂದಾದರೂ ಪುಸ್ತಕ ಇಡಬೇಕು, ಸುಳ್ಳಿಲ್ಲದ ಒಂದು ಪುಸ್ತಕ. ಅದಕ್ಕೇ ಈ ನೂರ ಅರವತ್ತೆಂಟು. ಕಳೆದುಹೋದ ಅಪ್ಪಂದಿರು ಈವರೆಗೆ ಹತ್ತೊಂಬತ್ತು ಜನ ಸಿಕ್ಕಿದ್ದಾರೆ. ಹದಿನಾರು ಜನ ವಾಪಸು ಬಂದರು. ಉಳಿದ ಮೂವರು ನಕ್ಷತ್ರವಾದರು.

"ನಕ್ಷತ್ರ ಅಂತೆ!" ಟೀಚರ್‌ಗೆ ನಿಜವಾಗಿ ಸಿಟ್ಟು ಬರುತ್ತದೆ. "ಇವು ಹೊಳೆ ಮಕ್ಳು. ಮುಳುಗಿದ್ದು ಎಲ್ಲಿಗೆ ಹೋಗುತ್ತೆ ಅಂತ ಇವಕ್ಕೆ ಗೊತ್ತಿಲ್ವಾ?"

ಒಂದೇ ಒಂದು ಪುಸ್ತಕ ಆಸೆ ಹುಟ್ಟಿಸಿತ್ತು. ಹಸಿರು ರಟ್ಟಿನದು. ಮೀನುಗಾರನ ಮಗಳು, ಅಪ್ಪ ಹೋದ ಮೇಲೆ ಅತ್ತೆಯ ಜೊತೆ ಹಳೇ ದೋಣಿಗೆ ಟಾರು ಬಳಿಯುತ್ತಾಳೆ, ಜಗಳವಾಡುತ್ತಾಳೆ, ಹೊಟ್ಟೆ ತುಂಬ ಉಣ್ಣುತ್ತಾಳೆ. "ನೂರ ಹನ್ನೆರಡನೇ ಪುಟದವರೆಗೂ ಒಂದೂ ಸುಳ್ಳಿಲ್ಲ. ಆ ಪುಟದ ಕೊನೇಲಿ ದೂರದಿಂದ ಒಂದು ದೋಣಿ ಬರ್ತಿರುತ್ತೆ. ಇವ್ನೂ ಬಂದ್ಬಿಟ್ಟ ಅನ್ಕೊಂಡೆ. ಗುರುತಿಗೆ ನೂಲು ಇಟ್ಟು ಮುಚ್ಚಿದೋಳು ಎರಡು ವಾರ ಬಿಚ್ಚೇ ಇಲ್ಲ. ನಗ್ಬೇಡಿ."

ಆಮೇಲೆ ಆ ಪುಸ್ತಕವೇ ಚೀಲದಿಂದ ಕಾಣೆಯಾಗಿದೆ. ಹತ್ತುವಾಗ ಇಳಿಯುವಾಗ ನೀರಿಗೆ ಬಿದ್ದಿರಬೇಕು ಎಂದು ಅವರ ಲೆಕ್ಕ. ಎರಡು ದಿನ ಊಟ ಸೇರಲಿಲ್ಲವಂತೆ.

ಎಂಟನೆಯ ದಕ್ಕೆಯಲ್ಲಿ ಅಣ್ಣ ತಂಗಿ ಇಬ್ಬರು ಕರಿದ ರೊಟ್ಟಿ ಕಚ್ಚಿಕೊಂಡೇ ಹತ್ತುತ್ತಾರೆ. ಅವರ ನಾಯಿ ದಡದುದ್ದಕ್ಕೂ ಓಡಿ ಬಂದು, ಜೊಂಡು ಅಡ್ಡವಾದಲ್ಲಿ ನಿಲ್ಲುತ್ತದೆ. ಟೀಚರ್ ಮತ್ತೆ ಆಮೆಯೊಳಗೆ ಇಳಿದಿದ್ದಾರೆ. ಆಗ ತಿತೊ ಎಂಜಿನ್ನಿನ ವೇಗ ತಗ್ಗಿಸುತ್ತಾನೆ.

"ಟೀಚರ್." ಅವನ ದನಿ ಬೇರೆಯಾಗಿದೆ. "ಟೀಚರ್, ನೋಡಿ."

ಒಂಬತ್ತನೆಯ ದಕ್ಕೆಯ ಕಂಬದಲ್ಲಿ ಕೆಂಪು ಬಟ್ಟೆ ಇದೆ.

ಮಕ್ಕಳೆಲ್ಲ ಆ ಬದಿಯ ಕಿಟಕಿಗೆ ಮುತ್ತುತ್ತಾರೆ. ಈ ಹೊಳೆಯವರಿಗೆಲ್ಲ ಆ ಬಟ್ಟೆ ಗೊತ್ತು. ಇರ್ಮಾ ಎದ್ದು ನಿಲ್ಲುತ್ತಾರೆ, ಆಮೆ ಕೆಳಗೆ ಬಿದ್ದದ್ದು ಅವರಿಗೆ ತಿಳಿದಂತಿಲ್ಲ. "ಅಯ್ಯೋ ದೇವರೇ, ಮತ್ತೆ ಶುರು ಮಾಡಿದ್ಲಾ," ಎಂದು ಪಿಸುಗುಟ್ಟುವಾಗ ಅವರ ಕೈ ನನ್ನ ತೋಳನ್ನು ಹಿಡಿದಿದೆ, ಬಿಗಿಯಾಗಿ.

ಯಾನಿನಾ ದಕ್ಕೆಯ ತುದಿಯಲ್ಲಿ ನಿಂತಿದ್ದಾಳೆ. ಹನ್ನೆರಡು ವರ್ಷ, ಉದ್ದನೆಯ ಕಾಲು, ಬಿಗಿದ ಜಡೆ. ದೋಣಿ ತಾಗಿದ್ದೇ ತಡ ಬಟ್ಟೆಯನ್ನು ತಾನೇ ಬಿಚ್ಚಿ ಜೇಬಿಗೆ ತುರುಕುತ್ತಾಳೆ.

"ದೋಣಿ ಹೆಂಗೂ ನಿಲ್ಲುತ್ತಲ್ವೇ ಮಾರಾಯ್ತಿ, ಬಟ್ಟೆ ಯಾಕೆ ಕಟ್ಟಿದೆ?" ಎನ್ನುತ್ತಾನೆ ತಿತೊ.

"ಟೀಚರ್ ತಲೆ ಎತ್ತಿ ನೋಡ್ಲಿ ಅಂತ. ಪುಸ್ತಕದಿಂದ ಏಳೋದೇ ಇಲ್ವಲ್ಲ ಅವ್ರು."

ಹತ್ತಿ ಬಂದವಳು ಸ್ವೆಟರಿನೊಳಗಿಂದ ಹಸಿರು ರಟ್ಟಿನ ಪುಸ್ತಕ ತೆಗೆದು ಟೀಚರ್ ಕೈಗಿಡುತ್ತಾಳೆ. "ನೀರಿಗೆ ಬಿದ್ದಿರ್ಲಿಲ್ಲ. ನಾನೇ ತಗೊಂಡಿದ್ದೆ. ಅದ್ರಲ್ಲಿ ಚೀಟಿ ಇರ್ಲಿಲ್ಲ. ನೂಲು ಮಾತ್ರ ಇತ್ತು, ನೂರ ಹನ್ನೆರಡ್ರಲ್ಲಿ." ಅಷ್ಟು ಹೇಳಿ ಹಿಂದಿನ ಸಾಲಿಗೆ ಹೋಗಿ ಕಿಟಕಿಯ ಪಕ್ಕ ಕೂರುತ್ತಾಳೆ.

ಇರ್ಮಾ ಮೊದಲ ಪುಟ ತೆಗೆಯುತ್ತಾರೆ. ಅಲ್ಲೊಂದು ಚೀಟಿ ಅಂಟಿದೆ. ಪೆನ್ಸಿಲಿನ ಅಕ್ಷರ, ಟೀಚರದ್ದಲ್ಲ. ಅವರು ಓದಿ ನನಗೆ ಕೊಡುತ್ತಾರೆ, ನಾನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳುತ್ತೇನೆ:

'ಕೊನೆಯವರೆಗೂ ಓದಿದ್ದೇನೆ. ನೂರ ಹನ್ನೆರಡನೆಯ ಪುಟದಲ್ಲಿ ಬರುವ ದೋಣಿಯಲ್ಲಿ ಅಪ್ಪ ಇಲ್ಲ. ಅದು ಬ್ರೆಡ್ಡಿನ ದೋಣಿ. ಅವರು ಬ್ರೆಡ್ಡು ತೆಗೆದುಕೊಳ್ಳುತ್ತಾರೆ. ಹೆದರದೆ ಓದಿ. — ಯಾನಿನಾ.'

ಇಂಥ ಬರಹದ ಕೊನೆಗೆ, ನಿಮ್ಮ ಆಸೆ ಏನು ಎಂದು ಕೇಳುವುದು ನಮ್ಮ ವೃತ್ತಿಯ ರೂಢಿ. ಟೀಚರ್ ಕನ್ನಡಕ ಒರೆಸಿಕೊಳ್ಳುತ್ತಾರೆ, ಮತ್ತೆ ಒರೆಸಿಕೊಳ್ಳುತ್ತಾರೆ. ನೂಲು ಇಟ್ಟಲ್ಲಿ ಪುಸ್ತಕ ಬಿಚ್ಚುತ್ತಾರೆ. ತಿತೊ ಬುರುಡೆಗೆ ಕೈ ಚಾಚಿದರೆ ಯಾರೂ ಕೊಡುವವರಿಲ್ಲ. ಹಿಂದಿನ ಸಾಲಿನಿಂದ ಯಾನಿನಾ ಕತ್ತು ಉದ್ದ ಮಾಡಿ ಟೀಚರ್ ಎಷ್ಟನೆಯ ಪುಟದಲ್ಲಿದ್ದಾರೆ ಎಂದು ನೋಡುತ್ತಾಳೆ. ನಾನು ನನ್ನ ಪ್ರಶ್ನೆ ಕೇಳುತ್ತೇನೆ.

"ಆಮೇಲೆ ಕೇಳಿ ಸ್ವಾಮಿ," ಎನ್ನುತ್ತಾರೆ ಇರ್ಮಾ, ತಲೆ ಎತ್ತದೆ. "ಈಗ ಓದ್ತಿದೀನಿ."