ಬಾಗಿಲಲ್ಲಿ ಬಿಚ್ಚಿದ ಬೂಟು

ಸಂಧಿವಾತಕ್ಕೆ ನನ್ನ ಬೆರಳುಗಳು ಸೊಟ್ಟಗಾಗಿವೆ. ಈ ಪರದೇಶದ ಈಸ್ಟ್ ತಮಾಕಿ ಎಂಬ ಬಡಾವಣೆಯ ಗೋಡೌನಿನಲ್ಲಿ ಪೆಟ್ಟಿಗೆ ಎತ್ತಲಾಗದೆ, ಹಗುರವಾದ ಕೆಲಸ ಕೊಡಿ ಅಂತ ಕೇಳಿದೆ. ಕಂಪನಿಯವರು ಕೈ ಪರೀಕ್ಷೆಗೆ ಒಂದು ಕ್ಲಿನಿಕ್ಕಿಗೆ ಕಳಿಸಿದರು. ಅಲ್ಲಿ ಒಳಗೆಲ್ಲ ಕಾರ್ಪೆಟ್. ಅಭ್ಯಾಸಬಲ ನೋಡಿ, ಹಲ್ಲು ಕಚ್ಚಿಕೊಂಡು ಲೇಸ್ ಬಿಚ್ಚಿ, ಬೂಟು ಬಾಗಿಲಲ್ಲೇ ಬಿಟ್ಟೆ.

ಪರೀಕ್ಷೆ ಮಾಡುವಾಕೆ ನೋಡುತ್ತಲೇ ಇದ್ದಳು. "ಲೇಸ್ ನೀವೇ ಬಿಚ್ಚಿದ್ರಲ್ಲ!"

"ಪ್ರಾಣ ಹೋಯ್ತು ಮೇಡಂ."

"ಮತ್ಯಾಕೆ ಬಿಚ್ಚಿದ್ರಿ? ಯಾರು ಹೇಳಿದ್ರು?"

"ಬೂಟು ಹಾಕ್ಕೊಂಡು ಒಳಗೆ ಬರಕ್ಕಾಗುತ್ತಾ?"

ನಕ್ಕಳು. ಬೆರಳು ಚೆನ್ನಾಗಿ ಆಡುತ್ತವೆ, ಎಂದಿನ ಕೆಲಸ ಮಾಡಬಹುದು ಎಂದು ಬರೆದು ಕಂಪನಿಗೆ ಕಳಿಸಿಯೂಬಿಟ್ಟಳು.

ಹೊರಡುವಾಗ ಲೇಸ್ ಕಟ್ಟಲು ನನ್ನಿಂದ ಆಗಲೇ ಇಲ್ಲ. ಕೊನೆಗೆ ಅವಳೇ ಮಂಡಿಯೂರಿ ಕಟ್ಟಿದಳು.

"ಈಗಲಾದ್ರೂ ತಿದ್ದಿ ಬರೀತೀರಾ?" ಅಂದೆ.

"ಪರೀಕ್ಷೆ ಮುಗೀತಲ್ಲ" ಅಂದಳು.

ಗಂಟು ಮಾತ್ರ ಬಲು ಭದ್ರವಾಗಿ ಹಾಕಿದ್ದಳು. ಅವಳ ಬೆರಳಿಗೇನು ಧಾಡಿ!