ಅಂಟುವಾಳದ ನೊರೆ ಮತ್ತು ಒಂದು ‘ಏನ್ಲೇ’

ಅಮ್ಮನ ರೇಷ್ಮೆ ಸೀರೆ ಒಗೆಯಲೆಂದು ಬೆಳಿಗ್ಗೆ ಅಂಟುವಾಳ ನೆನೆಹಾಕಿದ್ದೆ. ಮಧ್ಯಾಹ್ನ ಅದನ್ನು ಕಿವುಚುವಾಗ ಎದ್ದ ಹುಳಿಹುಳಿ ವಾಸನೆಗೆ ನನಗೆ ನೆನಪಾದವರು ಗುಬ್ಬಿಯ ಚಕ್ರದ ಮೇಷ್ಟ್ರು.

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೋಟಾರ್‌ಸೈಕಲ್ ಚಕ್ರಗಳಿಗೆ ಸ್ಪೋಕ್ ಕಟ್ಟುತ್ತಿದ್ದರು; ಅದಕ್ಕೇ ಊರೆಲ್ಲ ಅವರನ್ನು ಹಾಗೆ ಕರೆಯುತ್ತಿತ್ತು. ಚಕ್ರ ಓರೆಯಾಗಿದೆಯೇ ಎಂದು ನೋಡಲು, ಅದನ್ನು ಸಿಕ್ಕಿಸಿ ತಿರುಗಿಸುವ ಸ್ಟ್ಯಾಂಡಿಗೆ ತೆಂಗಿನ ಗರಿಯ ಕಡ್ಡಿಯೊಂದನ್ನು ಕಟ್ಟುತ್ತಿದ್ದರು. ತಿರುಗುವ ರಿಮ್ ಆ ಕಡ್ಡಿಗೆ ತಾಗಿ ‘ಸರ್ರ್’ ಎಂದು ಸದ್ದಾದರೆ ಅಲ್ಲಿ ಕೆಲಸ ಬಾಕಿಯಿದೆ ಎಂದರ್ಥ. ಗಾಳಿ ಸೋರುವುದನ್ನು ಹಿಡಿಯಲು ಅಂಟುವಾಳದ ನೊರೆ. ಸೋಪಿನ ನೀರು ಲೋಹವನ್ನು ತಿನ್ನುತ್ತದೆ ಎಂಬುದು ಅವರ ನಂಬಿಕೆ. ನಾನು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ಕೆಲಸ ಮಾಡುವವಳು. ಒಮ್ಮೆ ನನ್ನ ಗೇಜ್ ಒಯ್ದು ಅವರು ಕಟ್ಟಿದ ಚಕ್ರವನ್ನು ಅಳೆದೆ. ತಪ್ಪು ಸಿಗಲಿಲ್ಲ. ಅಂದಿನಿಂದ ಅವರ ಮೆಚ್ಚುಗೆ ನನಗೆ ಬೇಕೆನಿಸತೊಡಗಿತು... ಯಾಕೆ ಅಷ್ಟೊಂದು ಬೇಕೆನಿಸಿತೋ.

ಅವರಿಗೆ ನಾನು ‘ಮೇಡಂ’. ಕುಣಿಗಲ್‌ನಿಂದ ಬರುತ್ತಿದ್ದ ದೈಹಿಕ ಶಿಕ್ಷಕಿ ಮಾತ್ರ ‘ಏನ್ಲೇ’. ಅವಳಿಗೂ ನನಗೂ ಒಂದೇ ವಯಸ್ಸು, ಇಬ್ಬರದೂ ಒಂದೇ ಮಾದರಿಯ ಬೈಕು. ಅವಳು ಬಂದೊಡನೆ ನೆಲದ ಮೇಲೆ ಕೂತು ಅವರ ಕೈಯಿಂದ ಸ್ಪೋಕ್ ಬಿಗಿಯುವ ಕೀ ತೆಗೆದುಕೊಂಡು ತಾನೇ ತಿರುಗಿಸತೊಡಗುತ್ತಿದ್ದಳು. “ಏನ್ಲೇ, ಮಕ್ಕಳ್ನ ಓಡ್ಸಿ ಓಡ್ಸಿ ನೀನೇ ಒಣಗ್ ಹೋಗಿದೀಯಲ್ಲೇ,” ಎಂದು ಅವರು ರೇಗಿಸುತ್ತಿದ್ದರು. ನಾನು ಬಂದರೆ ಕುರ್ಚಿಯ ಧೂಳು ಒರೆಸಿ ಮುಂದಿಡುತ್ತಿದ್ದರು.

ಒಳಗೆ ಟ್ಯೂಬೇ ಇಲ್ಲದ, ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಹಾಕಿಸಬೇಕೆಂದು ನಾನು ತಿಂಗಳುಗಟ್ಟಲೆ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಮೇಷ್ಟ್ರು ಅದನ್ನು ಗೌರವದಿಂದ ತಿರುವಿ ನೋಡಿ, ಇರುವುದು ಎರಡೇ ದಾರಿ ಎಂದರು. ಸ್ಪೋಕುಗಳು ರಿಮ್ಮಿನ ನಡುವಿನಿಂದ ಒಳಗೆ ಹೋದರೆ ಗಾಳಿ ಸೋರದಂತೆ ಪ್ರತಿ ತೂತನ್ನೂ ಟೇಪಿನಿಂದ ಮುಚ್ಚಬೇಕು; ನಮ್ಮ ರಸ್ತೆಯ ಹೊಡೆತಕ್ಕೆ ಒಂದು ಸ್ಪೋಕ್ ಅಲುಗಿದರೂ ಮುಚ್ಚಿದ್ದು ಬಿಡುತ್ತದೆ. ಸ್ಪೋಕುಗಳನ್ನು ರಿಮ್ಮಿನ ಹೊರ ಅಂಚಿಗೇ ಸಿಕ್ಕಿಸಿದ್ದರೆ ಗಾಳಿಯ ಕಡೆ ತೂತೇ ಇರುವುದಿಲ್ಲ. ನಂಬುವುದಾದರೆ ಅದನ್ನು ನಂಬಿ ಎಂದರು. ಅಂಥ ಒಂದು ಜೊತೆ ಚಕ್ರ ಅಂಗಡಿಯಲ್ಲಿಯೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

“ಅದು ನಮ್ ಕುಣಿಗಲ್ ಹುಡ್ಗೀದು ಮೇಡಂ. ನಿಮ್ದು ಒಂದ್ ತಿಂಗ್ಳು ತಡೀರಿ, ತರಿಸ್ಕೊಡ್ತೀನಿ.”

‘ನಮ್’ ಎಂಬ ಆ ಮಾತು ನನ್ನನ್ನು ಚುಚ್ಚಿತು. ಸರಿ ಎಂದು ಹೇಳಿ ಬಂದೆ. ಮುಂದಿನ ವಾರ ತುಮಕೂರಿನ ಬೇರೊಂದು ಅಂಗಡಿಯಲ್ಲಿ, ಎಲ್ಲ ತಿಳಿದೂ, ಟೇಪಿನ ಚಕ್ರವನ್ನೇ ಹಾಕಿಸಿಕೊಂಡೆ. ಅವಳಿಗಿಂತ ಮೊದಲು ನನ್ನದು ಓಡಬೇಕಿತ್ತು, ಅಷ್ಟೇ.

ಇಪ್ಪತ್ತು ದಿನ ಓಡಿತು. ಒಂದು ಭಾನುವಾರ ಸೋದರತ್ತೆಯ ಮನೆಗೆ ಹೋಗುವಾಗ ಕಡಬದ ಕೆರೆ ಏರಿಯ ಮೇಲೆ ಹಿಂದಿನ ಚಕ್ರ ಗಾಳಿ ಹೋಗಿ ನೆಲಕ್ಕೆ ಕೂತಿತು. ಮೇಷ್ಟ್ರಿಗೆ ಫೋನ್ ಮಾಡದೆ ಬೇರೆ ದಾರಿಯಿರಲಿಲ್ಲ. ಅವರು ಬಂದದ್ದು ಅವಳ ಬೈಕಿನ ಹಿಂದೆ ಕೂತು, ತೊಡೆಯ ಮೇಲೆ ಅಂಟುವಾಳದ ಡಬ್ಬಿ ಇಟ್ಟುಕೊಂಡು. ಅವಳ ಹೊಸ ಚಕ್ರಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮೇಷ್ಟ್ರು ನನ್ನ ಚಕ್ರಕ್ಕೆ ಕೈಪಂಪಿನಿಂದ ಗಾಳಿ ತುಂಬಿ, ಬ್ರಷ್ಷಿನಿಂದ ನೊರೆ ಬಳಿದರು. ಒಂದೊಂದೇ ಸ್ಪೋಕಿನ ಬುಡದಲ್ಲಿ ಗುಳ್ಳೆಗಳು ಎದ್ದವು. ಮೂವರೂ ನೋಡುತ್ತ ನಿಂತೆವು.

“ನನ್ಗ್ ಒಂದ್ ಮಾತ್ ಹೇಳಿದ್ರೆ ನನ್ ಚಕ್ರಗಳ್ನೇ ಕೊಟ್ಬುಡ್ತಿದ್ದೆ ಮೇಡಂ,” ಎಂದಳು ಅವಳು.

“ಏನ್ಲೇ, ಸುಮ್ನಿರು,” ಎಂದು ಅವರು ಅವಳನ್ನು ಗದರಿದರು. ಆ ಗದರಿಕೆಯೂ ನನಗೆ ಸಿಗಲಿಲ್ಲ. ಅಲ್ಲಿಯವರೆಗೆ ಯಾರಲ್ಲೂ ಏನನ್ನೂ ಬೇಡಿರದ ನಾನು, ತಪ್ಪು ನನ್ನದು, ನನಗೂ ಬೈದುಬಿಡಿ ಎಂದೆ. ಅವರು ಗಾಬರಿಯಿಂದ ಕೈ ಒರೆಸಿಕೊಂಡರು.

“ಅಯ್ಯೋ, ನಿಮ್ಮನ್ನ ಬೈಯಕ್ಕೆ ನೀವೇನ್ ನಮ್ಮೋರಾ ಮೇಡಂ?”

ಮರ್ಯಾದೆಯಿಂದಲೇ ಹೇಳಿದ್ದರು. ನನ್ನ ಜಾಗದಲ್ಲಿ ಇನ್ನೊಬ್ಬರಿದ್ದಿದ್ದರೆ ನಕ್ಕುಬಿಡುತ್ತಿದ್ದರು. ನಾನು ಕೆರೆಯ ಕಡೆ ತಿರುಗಿ ನಿಂತೆ.

ಮುಂದಿನ ತಿಂಗಳು ಅವರೇ ಸರಿಯಾದ ರಿಮ್ ತರಿಸಿ ಕಟ್ಟಿಕೊಟ್ಟರು. ಹಳೆಯದರ ಮಾತು ಎತ್ತಲೇ ಇಲ್ಲ. ಸ್ಪೋಕುಗಳನ್ನು ಬೆರಳಿನಿಂದ ಮೀಟುತ್ತ ಒಂದು ಸುತ್ತು ಬಂದು, ಎಲ್ಲವೂ ಒಂದೇ ದನಿ ಕೊಡುವುದನ್ನು ಕೇಳಿಸಿದರು. ಯಾವುದರದಾದರೂ ದನಿ ಮಂಕಾದರೆ ಅದು ಸಡಿಲಾಗಿದೆ ಎಂದರ್ಥ, ತಡ ಮಾಡದೆ ಬನ್ನಿ ಎಂದಿದ್ದರು...

ಹೋದ ವರ್ಷ ಅವರು ತೀರಿಕೊಂಡರೆಂದು ತಿಳಿದು, ತಿಥಿಯ ದಿನ ಗುಬ್ಬಿಯ ಅವರ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಅವರ ಹೆಂಡತಿಯ ಪಕ್ಕ ಕೂತು, ಕಣ್ಣೊರೆಸಿಕೊಳ್ಳುತ್ತ ಕಾಯಿ ತುರಿಯುತ್ತಿದ್ದಳು. ನನಗೆ ನಡುಮನೆಯಲ್ಲಿ ಕುರ್ಚಿ ಹಾಕಿದರು. ಅಂಗಡಿ ಮುಚ್ಚಿತು. ಸ್ಟ್ಯಾಂಡನ್ನೂ ಸ್ಪೋಕ್ ಕೀಯನ್ನೂ ಮನೆಯವರು ಅವಳಿಗೇ ಕೊಟ್ಟರು. ಅದು ಸರಿಯಾದದ್ದೇ. ಆದರೂ ಆ ದಿನ ನನ್ನೊಳಗಿದ್ದದ್ದರಲ್ಲಿ ದುಃಖವೆಷ್ಟು, ಉಳಿದದ್ದೆಷ್ಟು ಎಂದು ಈಗಲೂ ಅಳೆಯಲಾರೆ.

ಇವತ್ತು ಸೀರೆಯನ್ನು ನೀರಿಗೆ ಹಾಕುವ ಮೊದಲು ಒಂದು ಲೋಟ ನೊರೆ ತೆಗೆದುಕೊಂಡು ಕೆಳಗಿಳಿದೆ. ಬೈಕಿನ ಎರಡೂ ಚಕ್ರಗಳಿಗೆ ಬಳಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಸ್ಪೋಕುಗಳನ್ನು ಮೀಟುತ್ತ ಬಂದೆ. ಹಿಂದಿನ ಚಕ್ರದಲ್ಲಿ ಒಂದರ ದನಿ ಮಂಕಾಗಿದೆ. ಇಷ್ಟು ದಿನ ಗಮನಿಸಲಿಲ್ಲವೆಂದು ನನ್ನನ್ನು ಬೈಯಬಹುದಾಗಿದ್ದವರು ಇಲ್ಲ... ಇದ್ದಿದ್ದರೂ ಬೈಯುತ್ತಿರಲಿಲ್ಲ.

ಭಾನುವಾರ ಕುಣಿಗಲ್‌ಗೆ ಹೋಗಬೇಕು. ಅವಳು ಚೆನ್ನಾಗಿಯೇ ಸರಿಮಾಡಿಕೊಡುತ್ತಾಳೆ. ಬನ್ನಿ ಮೇಡಂ ಎಂದು ಕುರ್ಚಿಯನ್ನೂ ಹಾಕುತ್ತಾಳೆ.