ಓನರಜ್ಜ ತುಳಿಯದ ಆರು ಟೈಲು

ಅವರ ಪಾದಗಳ ವಿಷಯ ಮೊದಲು ಹೇಳಿಬಿಡುತ್ತೇನೆ. ಹೆಬ್ಬೆರಳು ಉಳಿದ ನಾಲ್ಕರ ಜೊತೆ ಜಗಳವಾಡಿ ದೂರ ಕೂತಂತೆ ಪಕ್ಕಕ್ಕೆ ಹೊರಳಿತ್ತು. ಹಿಮ್ಮಡಿ ಬಳಸಿ ಬಳಸಿ ಸವೆದ ಸಾಬೂನಿನಷ್ಟು ನುಣುಪು. ಪ್ಯಾಂಟನ್ನು ಮೇಲಕ್ಕೆ ಮಡಚಿದರೆ ಎರಡೂ ಮಂಡಿಗಳ ಮೇಲೆ ರೂಪಾಯಿಯಗಲದ ಕಪ್ಪು ಜಡ್ಡು. ಪ್ರತಿ ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಸ್ಪ್ರಿಂಗ್ ವ್ಯಾಲಿಯ ಮಗಳ ಮನೆಯಿಂದ ಕಿಲೆಲೆಶ್ವಾದ ನಮ್ಮ ಬಾಡಿಗೆ ಮನೆಗೆ, ಅಂದರೆ ಅವರದೇ ಮನೆಗೆ, ಬರುತ್ತಿದ್ದರು. ಬಾಗಿಲಲ್ಲಿ ಷೂ ಬಿಚ್ಚಿ, ಸಾಕ್ಸನ್ನು ಅದರೊಳಗೆ ತುರುಕಿ, ಬರಿಗಾಲಲ್ಲಿ ಹಾಲ್ ದಾಟುತ್ತಿದ್ದರು. ನೇರವಾಗಿ ಅಲ್ಲ. ಎರಡು ಟೈಲು ಮುಂದೆ, ಒಂದು ಪಕ್ಕಕ್ಕೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ. ಕುಂಟೆಬಿಲ್ಲೆ ಆಡುವ ಹುಡುಗಿಯ ಹಾಗೆ. ಆಟದ ಖುಷಿ ಮಾತ್ರ ಮುಖದಲ್ಲಿ ಇರುತ್ತಿರಲಿಲ್ಲ.

ಅವರಿಗೆ ಓನರಜ್ಜ ಎಂದು ಹೆಸರಿಟ್ಟವನು ನಾನೇ. ಮಂಗಳೂರು ಕಡೆಯ ಕ್ಯಾಥೊಲಿಕ್. ಮಗಳೊಂದಿಗೆ ಕೊಂಕಣಿ, ವಾಚ್‌ಮನ್ ಜೊತೆ ಸ್ವಾಹಿಲಿ, ನಮ್ಮೊಂದಿಗೆ ಅಕ್ಷರ ಅಕ್ಷರವನ್ನೂ ತೊಳೆದು ಒಣಗಿಸಿಟ್ಟಂಥ ಕನ್ನಡ. ನಾನೋ, ಅಕ್ಕನಿಗೆ ಮಗು ಹುಟ್ಟಿದಾಗ ಮೂರು ತಿಂಗಳ ಸಹಾಯಕ್ಕೆಂದು ಮೈಸೂರಿನಿಂದ ಸಮುದ್ರ ದಾಟಿ ಈ ಸ್ವಾಹಿಲಿ ನಾಡಿಗೆ ಬಂದು, ಮಗು ಅಂಬೆಗಾಲಿಡುವ ಹೊತ್ತಿಗೂ ಸಹಾಯ ಮಾಡುತ್ತಲೇ ಇದ್ದವನು. ನಡುವೆ ಸಿಬಿಡಿಯ, ಅಂದರೆ ಪೇಟೆ ನಡುವಿನ, ಒಂದು ವ್ಯಾಪಾರದ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ ಸಿಕ್ಕಿತ್ತು. ರಿಸೆಪ್ಷನ್, ಅಕೌಂಟ್ಸ್, ಮ್ಯಾನೇಜರ್ ಮೂವರೂ ನಾನೇ, ಮೂರು ಗಂಟಲಲ್ಲಿ. ಮನೆಯಲ್ಲಿ ಟೆಲಿಕಾಂ ಭಾವನ ಕಾನ್ಫರೆನ್ಸ್ ಕಾಲ್ ಇಂಗ್ಲಿಷ್, ಅಮ್ಮನೊಂದಿಗೆ ಮಾತಾಡುವಾಗ ಅಕ್ಕನಿಗೆ ಬರುವ ಅಳುಬುರುಕ ದನಿ, ಎಲ್ಲವನ್ನೂ ಅಣಕಿಸುತ್ತಿದ್ದೆ. ಒಮ್ಮೆ ಕನ್ನಡಿಯ ಮುಂದೆ ನನ್ನನ್ನೇ ಅಣಕಿಸಿ ನೋಡಿದೆ. ಹೆಚ್ಚು ಸರಕು ಸಿಗಲಿಲ್ಲ.

ಒಂದು ಶನಿವಾರ ಓನರಜ್ಜ ಹೊರಟ ಮೇಲೆ ಅವರ ನಡಿಗೆ ಶುರು ಮಾಡಿದೆ. ಪ್ಯಾಂಟು ಮಡಚಿ, ಹೆಬ್ಬೆರಳು ತಿರುಚಿ, ಅದೇ ದಾರಿಯಲ್ಲಿ ಹಾರುತ್ತ ಹೋದೆ. ಅಕ್ಕನ ಮಗಳು ಪುಟ್ಟಿ ಕೇಕೆ ಹಾಕಿ ನಕ್ಕಳು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ ನನ್ನ ಬೆನ್ನ ಹಿಂದಿನ ಕಿಟಕಿಯನ್ನು ನೋಡಿದಳು. ಮರೆತ ಟೋಪಿಗಾಗಿ ಓನರಜ್ಜ ವಾಪಸು ಬಂದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನಡಿಗೆ ಸರಿ ಉಂಟು," ಎಂದರು ನಿಧಾನಕ್ಕೆ. "ಆದ್ರೆ ನೀನು ಐದು ಬಿಟ್ಟೆ. ಆರು ಬಿಡ್ಲಿಕ್ಕುಂಟು. ಆ ಕಪಾಟಿನ ಹತ್ತಿರದ್ದನ್ನು ತುಳಿದೆ. ಅವನಿಗೆ ಬೇಜಾರಾಗ್ತದೆ."

"ಯಾರಿಗೆ ಅಜ್ಜ?"

ಟೋಪಿ ತೆಗೆದುಕೊಂಡು ಹೊರಟುಹೋದರು. ಅಂದಿನಿಂದ ನಾನೂ ಕಪಾಟಿನ ಹತ್ತಿರದ ಟೈಲು ತುಳಿಯಲಿಲ್ಲ.

ಊಟದ ತಟ್ಟೆಯಗಲದ ಕಂದು ಚೌಕಗಳ ಹಳೆಯ ನೆಲ ಅದು. ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟಿನ ಅಡಿಪಾಯಕ್ಕೆ ಕಂಬ ಬಡಿಯುವ ಯಂತ್ರವಿತ್ತು. ಅದು ಧಡ್ ಎಂದಾಗಲೆಲ್ಲ ನಮ್ಮ ಹಾಲಿನ ಆ ಆರು ಟೈಲುಗಳು ಟಕ್ ಎನ್ನುತ್ತಿದ್ದವು, ಒಂದಾದ ಮೇಲೊಂದು, ಕ್ಲಾಸಿನಲ್ಲಿ ಹಾಜರಿ ಹೇಳುವಂತೆ. ಊಟದ ಹೊತ್ತಿಗೆ ಯಂತ್ರ ನಿಲ್ಲುತ್ತಿತ್ತು. ಟಕ್ ನಿಲ್ಲುತ್ತಿರಲಿಲ್ಲ.

"ಅಕ್ಕಾ, ಕೇಳಿಸ್ತಾ?"

"ಏನು?"

"ಟೈಲು. ಟಕ್ ಅಂತು."

"ನೀನೇ ಬಾಯಲ್ಲಿ ಮಾಡ್ತಿರ್ತೀಯ. ಮಗು ಮಲಗಿದೆ, ಸುಮ್ನಿರೋ ಕೋತಿ."

ಹದಿನೈದು ದಿನಕ್ಕೆ ಪುಟ್ಟಿಯ ಬಾಯಲ್ಲಿ ಟೈಲಿನ ಚೂರೊಂದು ಸಿಕ್ಕಿತು. ಅಕ್ಕ ಬೆರಳು ಹಾಕಿ ತೆಗೆದಳು, ಅತ್ತಳು, ಫೋನ್ ಹಿಡಿದು ಓದಲು ಕೂತಳು. ಭಾವ ಆಫೀಸಿನಿಂದ ಬಂದು ಬ್ಯಾಗ್ ಇಳಿಸುವಷ್ಟರಲ್ಲಿ ಶುರುವಾಯಿತು.

"ರೀ, ಈ ಥರ ಹಳೇ ಟೈಲಲ್ಲಿ ಆಸ್ಬೆಸ್ಟಾಸ್ ಇರಬಹುದಂತೆ! ಪುಡಿ ಉಸಿರಲ್ಲಿ ಹೋದ್ರೆ ಎಷ್ಟೋ ವರ್ಷ ಆದ್ಮೇಲೆ ಶ್ವಾಸಕೋಶ ಹಿಡಿಯುತ್ತಂತೆ!"

"ಇರಬಹುದು ಅಂದ್ರೆ ಇದೆ ಅಂತಲ್ಲ ಕಣೆ."

"ಇಲ್ಲ ಅಂತಾನೂ ಅಲ್ಲ! ನಿಮ್ಮ ಮಗಳು ಇಡೀ ದಿನ ನೆಲದ ಮೇಲೇ ಇರ್ತಾಳೆ. ಓನರಜ್ಜಂಗೆ ಹೇಳಿ ಫುಂಡಿ ಕರೆಸಿ, ಎಲ್ಲ ಕೀಳಿಸಿ." ಇಲ್ಲಿ ಗಾರೆಯವ, ಬಡಗಿ, ಪ್ಲಂಬರ್ ಎಲ್ಲರೂ ಫುಂಡಿಯೇ.

ಓನರಜ್ಜ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕೀಳುವ ಮಾತು ಬೇಡ. ಪೊರಕೆ ಹಾಕ್ಬೇಡಿ, ಒದ್ದೆ ಬಟ್ಟೆಯಲ್ಲಿ ಒರಸಿ. ಯಾರೂ ಮುಟ್ಟಬಾರದು." ಅಕ್ಕನಿಗೆ ಇದು ಜಿಪುಣತನವಾಗಿ ಕಂಡಿತು. ತಿಂಗಳೊಳಗೆ ನೆಲಕ್ಕೊಂದು ಗತಿ ಕಾಣಿಸದಿದ್ದರೆ ಮನೆ ಬಿಡುವುದೆಂದು ತೀರ್ಮಾನಿಸಿದಳು. ಪುಟ್ಟಿಗೆ ನೆಲ ನಿಷೇಧವಾಯಿತು. ಮಂಚದಿಂದ ಸೊಂಟಕ್ಕೆ, ಸೊಂಟದಿಂದ ಮಂಚಕ್ಕೆ. ಆಗ ತಾನೇ ತೆವಳಲು ಕಲಿತ ಮಗು ಕೆಳಗೆ ಕೈಚಾಚಿ ಕಿರುಚುತ್ತಿತ್ತು.

ಮುಂದಿನ ಶನಿವಾರ ಅಕ್ಕ, ಭಾವ, ಪುಟ್ಟಿ ಯಾರದೋ ಹುಟ್ಟುಹಬ್ಬಕ್ಕೆ ಹೋದಾಗ ನನ್ನೊಳಗಿನ ವೀರ ಎದ್ದ. ಸಡಿಲವಾದ ಆರನ್ನಾದರೂ ಕಿತ್ತು ಅಕ್ಕನ ಮುಂದೆ ಗುಡ್ಡೆ ಹಾಕುವುದು ನನ್ನ ಯೋಜನೆ. ಆಯುಧ, ದೋಸೆ ಮಗುಚುವ ಕೈ. ಕಪಾಟಿನ ಹತ್ತಿರದ ಟೈಲಿನ ಸಂದಿಗೆ ತೂರಿಸಿದೆ. ಬಲ ಹಾಕಬೇಕಾಗಲಿಲ್ಲ. ಯಾರೋ ಕೆಳಗಿನಿಂದ ಎತ್ತಿ ಕೊಟ್ಟ ಹಾಗೆ ಬಂತು. ಒಂದು ಮೂಲೆ ಮಾತ್ರ ಮುರಿಯಿತು.

ತಿರುಗಿಸಿ ನೋಡಿದೆ. ಬೆನ್ನಿನ ಮೇಲೆ ಕಪ್ಪಗೆ ಒಂದು ಅಂಗೈ. ರೇಖೆಗಳನ್ನು ನೋಡಿ ಭವಿಷ್ಯ ಹೇಳಬಹುದಾದಷ್ಟು ಸ್ಪಷ್ಟ. ತೋರುಬೆರಳು ಇರಲಿಲ್ಲ.

ಹೆದರಿದಾಗ ನಾನು ಸುಮ್ಮನಿರಲಾರೆ, ಏನಾದರೂ ಮಾಡುತ್ತೇನೆ. ಟೈಲು ಕೆಳಗಿಟ್ಟು, ನೆಲಕ್ಕೆ ಹಿಡಿದುಕೊಂಡಿದ್ದ ಒಣ ಕಪ್ಪು ಅಂಟನ್ನು ಕೆರೆಯತೊಡಗಿದೆ. ಒಂದು, ಎರಡು, ಮೂರು ಸಲ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಸಣ್ಣ ಪುಡಿ ಎದ್ದಿತು. ನಾಲ್ಕನೆಯದಕ್ಕೆ ಕೈ ಎತ್ತಿದ್ದೆ.

"ನಿಲ್ಸು!"

ಓನರಜ್ಜನ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. ಅಂದು ಬೇಗ ಬಂದಿದ್ದರು. ಷೂ ಬಿಚ್ಚಲಿಲ್ಲ, ಯಾವ ಟೈಲನ್ನೂ ದಾಟಲಿಲ್ಲ. ಎಲ್ಲವನ್ನೂ ತುಳಿದುಕೊಂಡು ನೇರ ಓಡಿ ಬಂದು ನನ್ನ ಮಣಿಕಟ್ಟು ಹಿಡಿದರು.

"ಉಸಿರು ಬಿಗಿ ಹಿಡಿ. ಏಳು. ಹೊರಗೆ ನಡಿ."

ತೋಟದ ನಲ್ಲಿಯ ಕೆಳಗೆ ಬಟ್ಟೆ ಸಮೇತ ಕೂರಿಸಿದರು. ಆಮೇಲೆ ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಒಳಗೆ ಹೋಗಿ, ಎದ್ದ ಪುಡಿಯ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆದರು. ಮುರಿದ ಮೂಲೆಯನ್ನೂ ಅಂಟಿನ ಚೂರನ್ನೂ ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಹಾಕಿ ಟೇಪ್ ಸುತ್ತಿದರು. ಟೈಲನ್ನು, ಮಗುವನ್ನು ಮಲಗಿಸುವ ಹಾಗೆ, ಅದರ ಜಾಗಕ್ಕೆ ಇಳಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಏದುಸಿರು ಇಳಿದ ಮೇಲೆ ಹೇಳಿದರು.

"ಈ ನೆಲ ಹಾಕಿದ್ದು ನಾವೇ ಏಳು ಜನ. ನಾನು ಮೇಸ್ತ್ರಿ. ಮನೆ ನಾನು ತೆಗೊಂಡದ್ದು ಆಮೇಲೆ. ಕೆಲಸ ಮುಗಿಯುವ ದಿನ ಒಬ್ಬೊಬ್ಬನೂ ಅಂಟಿನ ಡಬ್ಬದಲ್ಲಿ ಅಂಗೈ ಅದ್ದಿ ಒಂದೊಂದು ಟೈಲಿನ ಬೆನ್ನಿಗೆ ಒತ್ತಿದ್ದು. ಹುಡುಗಾಟ. ಅದು ಒಣಗಿದ ಮೇಲೆ ಕೂರಿಸಿದ್ದು."

"ಅದಕ್ಕೇ ಸರಿಯಾಗಿ ಕಚ್ಕೊಂಡಿಲ್ಲ," ಎಂದೆ, ಮೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಬುದ್ಧಿವಂತಿಕೆ ಬಿಡದೆ.

"ಹೌದು, ಕಾರಣ ಅದೇ. ಆದ್ರೆ ಅಷ್ಟು ವರ್ಷ ಕಚ್ಚಿಕೊಂಡಿತ್ತಲ್ಲ? ನೀನು ಎಬ್ಬಿಸಿದ್ದು ನಾಲ್ಕು ಬೆರಳಿನವನದ್ದು. ಅವನು ಸತ್ತ ವಾರ ಅದು ಸಡಿಲ ಆದದ್ದು. ಹಾಡುವವನೊಬ್ಬ ಇದ್ದ, ಅವನದ್ದೂ ಹಾಗೆ. ಆರು ಜನ, ಆರು ಟೈಲು. ಎಲ್ಲರಿಗೂ ಅದೇ ಕೆಮ್ಮು, ಅದೇ ಉಬ್ಬಸ. ಈ ಕೆಲಸವೋ, ಮಾಡಿನ ಆಸ್ಬೆಸ್ಟಾಸ್ ಶೀಟು ಕೊಯ್ದದ್ದೋ, ಸಿಗರೇಟೋ, ಯಾರಿಗೆ ಗೊತ್ತುಂಟು? ಕೊಯ್ಯುವಾಗ ಹಿಟ್ಟಿನ ಗಿರಣಿಯವರ ಹಾಗೆ ಕಾಣ್ತಿದ್ದೆವು. ಒಬ್ಬರನ್ನೊಬ್ಬರು ನೋಡಿ ನಗಾಡ್ತಿದ್ದೆವು."

"ಅದಕ್ಕೇ ಅವುಗಳನ್ನ ತುಳಿಯಲ್ವಾ?"

"ಮನುಷ್ಯರಿಗೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ತೇವಲ್ಲ ಮಾರಾಯ. ಪ್ರತಿ ಸಲ ಬಗ್ಗಿ ಮುಟ್ಟಲಿಕ್ಕೆ ಈ ಪ್ರಾಯದಲ್ಲಿ ಆಗುದಿಲ್ಲ. ಹಾಗೆ ದಾಟಿ ಹೋಗುದು."

ಏಳನೆಯದು ಎಲ್ಲಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. "ಅಡುಗೆಮನೆ ಬಾಗಿಲಲ್ಲಿ. ಗಟ್ಟಿ ಉಂಟು ಇನ್ನೂ."

ಆ ಚೀಲಗಳನ್ನು ಭಾವ ತಮ್ಮ ಆಫೀಸಿನ ಸುರಕ್ಷತೆಯ ವಿಭಾಗದ ಮೂಲಕ ಹೊರದೇಶದ ಲ್ಯಾಬಿಗೆ ಕಳಿಸಿದರು. ವರದಿಗೆ ವಾರಗಟ್ಟಲೆ ಕಾಯಬೇಕು. "ಕಾಗದ ಬರುವವರೆಗೆ ಉಂಟು ಅಂತಲೇ ತಿಳಿದು ನಡೆಯುವ," ಎಂದರು ಓನರಜ್ಜ. ಕೀಳುವುದು ಬೇಡ, ಮೇಲೆ ಹೊಸ ನೆಲ ಹಾಸಿ ಮುಚ್ಚಿದರೆ ಪುಡಿ ಏಳುವುದಿಲ್ಲ ಎಂದೂ ಅವರೇ ಹೇಳಿದರು. ಅಕ್ಕ ಒಪ್ಪಿದಳು. ಆದರೆ ಯಾವಾಗ ಎಂದರೆ ಅಜ್ಜ ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ಹತ್ತಿರ ಮಾತ್ರ ಒಮ್ಮೆ ಹೇಳಿದರು, "ಮುಚ್ಚಿದ ಮೇಲೆ ನಾನು ಇಲ್ಲಿಗೆ ಬಂದು ಮಾಡುದೆಂತ?"

ಅಂದಿನಿಂದ ಶನಿವಾರಗಳಿಗೆ ಹೊಸ ಕ್ರಮ ಬಂತು. ಆರನ್ನು ದಾಟಿ ಅಡುಗೆಮನೆ ಬಾಗಿಲಿಗೆ ಹೋಗಿ, ಅವರು ತಮ್ಮ ಟೈಲನ್ನು ಅದಕ್ಕೆಂದೇ ತಂದ ಕೋಲಿನಿಂದ ತಟ್ಟುತ್ತಿದ್ದರು. ಕಿವಿ ಮಂದವಾಗಿತ್ತು. ಹಾಗಾಗಿ ನನ್ನ ಕಡೆ ತಿರುಗಿ, "ಎಂತ ಹೇಳ್ತದೆ?" ಎನ್ನುತ್ತಿದ್ದರು. ನಾನು ಅವರ ಕಿವಿಗೆ ಬಾಯಿ ತಂದು, ಕೇಳಿದ್ದನ್ನು ಕೇಳಿದ ಹಾಗೆ ನುಡಿಸುತ್ತಿದ್ದೆ. "ಠಪ್." ಗಟ್ಟಿ, ತುಂಬಿದ, ಚಿಕ್ಕ ಸದ್ದು.

"ಸರಿ. ಇನ್ನೊಂದು ವಾರ," ಎಂದು ಚಹಾ ಕುಡಿದು ಹೋಗುತ್ತಿದ್ದರು.

ಮೂರನೇ ವಾರದ ಗುರುವಾರ, ಪಕ್ಕದ ಯಂತ್ರ ಕೆಟ್ಟು ಇಡೀ ಬೀದಿ ನಿಶ್ಶಬ್ದವಾಗಿದ್ದಾಗ, ಅಡುಗೆಮನೆ ಬಾಗಿಲಲ್ಲಿ ಟಕ್ ಎಂದಿತು. ನಾನು ಹಾಲಿನಲ್ಲಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹಾಲಿನ ಆರೂ ಒಂದರ ಹಿಂದೊಂದು ಟಕ್ ಎಂದವು, ಹೊಸಬನಿಗೆ ಜಾಗ ಬಿಟ್ಟುಕೊಟ್ಟ ಹಾಗೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೂ ನನ್ನ ಬಾಯಿಯದೇ ಎನ್ನುತ್ತಿದ್ದಳು.

ಶನಿವಾರ ಅಜ್ಜ ಬಂದು ಕೋಲಿನಿಂದ ತಟ್ಟಿದರು. ಟೊಳ್ಳು ಸದ್ದು, ಖಾಲಿ ಡಬ್ಬದ್ದು.

"ಎಂತ ಹೇಳ್ತದೆ?"

ಕಿವಿಗೆ ಬಾಯಿ ತಂದೆ. "ಠಪ್," ಎಂದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾವುದನ್ನೂ ಅಣಕಿಸಿರಲಿಲ್ಲ.

ಅವರು ನನ್ನನ್ನೇ ನೋಡಿದರು. ಕೋಲನ್ನು ಗೋಡೆಗೆ ಒರಗಿಸಿ, ಬಲಗಾಲನ್ನು ಎತ್ತಿ, ಆ ಟೈಲಿನ ಮೇಲೆ ಇಡೀ ಪಾದ ಊರಿ, ಮೈಭಾರವನ್ನೆಲ್ಲ ಬಿಟ್ಟರು.

"ನಿನ್ನ ಬಾಯಿ ಒಳ್ಳೇದುಂಟು ಮಾರಾಯ," ಎಂದರು. "ಆದ್ರೆ ನನ್ನ ಕಾಲು ಇನ್ನೂ ಕಿವುಡಾಗ್ಲಿಲ್ಲ."

ಅಕ್ಕನ ಸೊಂಟದ ಮೇಲಿಂದ ಪುಟ್ಟಿ ಎಂದಿನಂತೆ ನೆಲಕ್ಕೆ ಕೈಚಾಚಿ ಗೋಳಾಡುತ್ತಿದ್ದಳು. ಅಜ್ಜ ಅವಳ ಚಾಚಿದ ಬೆರಳುಗಳನ್ನು ನೋಡಿದರು, ಎಣಿಸುವವರ ಹಾಗೆ. "ಸೋಮವಾರ ಜನ ಕಳಿಸ್ತೇನೆ ಅಮ್ಮ," ಎಂದರು. "ಮುಚ್ಚಿಬಿಡುವ."

ಮೂರು ದಿನ ನಾವು ಸ್ನೇಹಿತರ ಮನೆಯಲ್ಲಿದ್ದೆವು. ನಾನು ಆಫೀಸಿನಿಂದ ಮಟಾಟು ವ್ಯಾನು ಹಿಡಿದು ಬಂದು ನೋಡಿ ಹೋಗುತ್ತಿದ್ದೆ. ಅಜ್ಜ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊಳೆ ಹೊಡೆಯುವ ಹಾಗಿಲ್ಲ, ಉಜ್ಜುವ ಹಾಗಿಲ್ಲ, ಎಲ್ಲ ಒದ್ದೆಯಾಗಿಯೇ ಆಗಬೇಕು. ಫುಂಡಿಗಳು ಬೇಸರವಿಲ್ಲದೆ, "ಸವಾ ಬಾಬು?" ಎಂದು ಕೇಳುತ್ತಿದ್ದರು. ಸರಿಯಾ ಅಜ್ಜ, ಎಂದು. "ಸವಾ," ಎನ್ನುತ್ತಿದ್ದರು. ಕೊನೆಯದಾಗಿ ಅಡುಗೆಮನೆ ಬಾಗಿಲ ಮೇಲೆ ಹೊಸ ನೆಲಹಾಸಿನ ಹಾಳೆ ಇಳಿಯುವಾಗ ಮಾತ್ರ ಎದ್ದು ನಿಂತರು.

ಪುಟ್ಟಿಯನ್ನು ಇಳಿಸಿದ ತಕ್ಷಣ ಹಾಲಿನ ಈ ತುದಿಯಿಂದ ಆ ತುದಿಗೆ ಪಟಪಟನೆ ತೆವಳಿದಳು, ಆರರ ಮೇಲೂ, ಏಳನೆಯದರ ಮೇಲೂ. ನಾನು ಹೌಹಾರಿ ಅಜ್ಜನ ಮುಖ ನೋಡಿದೆ.

"ಹೋಗ್ಲಿ ಬಿಡು. ಅವಳು ತುಳಿದ್ರೆ ಯಾರಿಗೂ ಬೇಜಾರಿಲ್ಲ," ಎಂದರು.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಅಂದು ಮಧ್ಯಾಹ್ನ ಊಟವಾಗಿ ಮಲಗಿದವರು ಏಳಲಿಲ್ಲವೆಂದು ಮಗಳು ಫೋನ್ ಮಾಡಿ ಹೇಳಿದರು.

ಲ್ಯಾಬಿನ ವರದಿ ಬಂದದ್ದು ಅದಾದ ಮೇಲೆ. ಭಾವ ಗಟ್ಟಿಯಾಗಿ ಓದಿದರು. ಟೈಲಿನಲ್ಲಿ ಆಸ್ಬೆಸ್ಟಾಸ್ ಇಲ್ಲ. ಕಪ್ಪು ಅಂಟಿನಲ್ಲಿ ಇದೆ. ಪುಟ್ಟಿ ಬಾಯಿಗೆ ಹಾಕಿಕೊಂಡದ್ದು ಬರೀ ಟೈಲು ಎಂದು ಅಕ್ಕ ದೇವರಿಗೆ ಕೈಮುಗಿದಳು. ನಾನು ಬೇರೆ ಲೆಕ್ಕದಲ್ಲಿದ್ದೆ. ಮೂರು ಸಲ ಕೆರೆದಿದ್ದೆ. ಅಷ್ಟಕ್ಕೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಆದರೆ ನನ್ನ ಯೋಜನೆ ಆರೂ ಟೈಲಿನದ್ದು, ಇಡೀ ಮಧ್ಯಾಹ್ನದ್ದು. ಆಮೇಲೆ ಪೊರಕೆ ಹಿಡಿದು ಗುಡಿಸಿ, ಮಗು ಬರುವ ಹೊತ್ತಿಗೆ ಎಲ್ಲ ಚೊಕ್ಕ ಮಾಡಿಡುವುದು ಬೇರೆ ಇತ್ತು.

ವರದಿಯ ಪ್ರತಿ ಹಿಡಿದು ಸ್ಪ್ರಿಂಗ್ ವ್ಯಾಲಿಗೆ ಹೋದೆ. ಮಗಳು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಪಪ್ಪನಿಗೆ ಯಾವಾಗಲೂ ಅಂಟಿನ ಮೇಲೆಯೇ ಡೌಟ್ ಇತ್ತು," ಎಂದರು. "ಮೊದಲು ಹೋದವನು ದಿನವಿಡೀ ಹಳೇ ಅಂಟು ಕೆರೆಯುವ ಕೆಲಸದವನಂತೆ. ಕೆರೆಯಲಿಕ್ಕೆ ಹೇಳ್ತಿದ್ದದ್ದು ಇವರೇ ಅಲ್ವಾ, ಮೇಸ್ತ್ರಿ. ಅದನ್ನು ಯಾರ ಹತ್ರವೂ ಹೇಳ್ತಿರ್ಲಿಲ್ಲ."

ನನಗೆ ಯಾರ ದನಿಯೂ ಬಾಯಿಗೆ ಬರಲಿಲ್ಲ.

"ನಿನ್ನ ಕೈ ಹಿಡಿದು ನಿಲ್ಲಿಸಿದ ದಿನ ಮನೆಗೆ ಬಂದು, 'ಇವತ್ತು ಒಬ್ಬನನ್ನು ಸಮಯಕ್ಕೆ ನಿಲ್ಲಿಸಿದೆ' ಅಂದ್ರು. ಯಾರನ್ನು ಪಪ್ಪಾ ಅಂತ ಕೇಳಿದೆ. ನೀನು ಅಂತ ಗೊತ್ತಾದದ್ದು ಆಮೇಲೆ. ಊಟಕ್ಕೆ ಕೂತು ಎರಡು ಸಲ ಅನ್ನ ಹಾಕಿಸ್ಕೊಂಡ್ರು. ತುಂಬಾ ದಿನ ಆಗಿತ್ತು, ಪಪ್ಪ ಹಾಗೆ ಉಣ್ಣದೆ."